ಪೂಜೆಯ ಹೊತ್ತಿಗೆ ಬಂದ ಕೆಂಪು ಕಿಟಕಿ

ಹೆಸರು: ಪಂಪಮ್ಮ, ತಂದೆ ಹುಲುಗಣ್ಣ. ವಯಸ್ಸು: ಇಪ್ಪತ್ತಮೂರು. ಉದ್ಯೋಗ: ಕಂಪ್ಯೂಟರ್ ಆಪರೇಟರ್, ಏಪ್ರಿಲ್ ಇಪ್ಪತ್ತರವರೆಗೆ. ವಾಸ: ಕೆರೆ ಓಣಿ, ಕೊಟ್ಟೂರು, ಕೂಡ್ಲಿಗಿ ತಾಲೂಕು, ಬಳ್ಳಾರಿ ಜಿಲ್ಲೆ.

ನಾನು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಮೇಲೆ ದೂರು ಕೊಟ್ಟಿರುವ ಪಂಚಾಕ್ಷರಪ್ಪನವರು ಬಸ್ ನಿಲ್ದಾಣದಿಂದ ಸುಮಾರು ಇನ್ನೂರು ಮೀಟರ್ ದೂರದಲ್ಲಿರುವ ಗುರುಕೃಪಾ ಕಂಪ್ಯೂಟರ್ಸ್‌ನ ಮಾಲೀಕರು. ಅಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವುದು, ಇಂಟರ್ನೆಟ್ ಬಾರದವರಿಗೆ ಮೇಲ್ ತೆಗೆದು ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಈ ಹೇಳಿಕೆಯನ್ನು ಅದೇ ಅಂಗಡಿಯಲ್ಲಿ, ಅದೇ ಯಂತ್ರದ ಮುಂದೆ ಕುಳಿತು ನಾನೇ ಟೈಪ್ ಮಾಡುತ್ತಿದ್ದೇನೆ. ಸ್ಥಳ ನೋಡಲು ಬಂದ ಹೆಡ್ ಕಾನ್‌ಸ್ಟೇಬಲ್ ಮೈಲಾರಲಿಂಗಪ್ಪನವರಿಗೆ ಕನ್ನಡ ಕೀಲಿಮಣೆ ಬರುವುದಿಲ್ಲ. ಪಂಚಾಕ್ಷರಪ್ಪನವರಿಗೆ ಯಾವ ಕೀಲಿಮಣೆಯೂ ಬರುವುದಿಲ್ಲ. ಆದ್ದರಿಂದ ಆರೋಪವೂ ನನ್ನ ಮೇಲೆ, ಟೈಪಿಂಗೂ ನನ್ನದೇ.

ಇದೇ 2006ನೇ ಇಸವಿ ಜನವರಿಯಲ್ಲಿ ಯಂತ್ರ ಬಹಳ ನಿಧಾನವಾಯಿತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ನಾನು ಆಂಟಿ ಸ್ಪೈವೇರ್ ಎಂಬ ತಂತ್ರಾಂಶವನ್ನು ಹಾಕಿದೆನು. ಯಂತ್ರದೊಳಗೆ ಅಡಗಿ ಕುಳಿತು ನಾವು ಮಾಡುವುದನ್ನು ಹೊರಗಿನವರಿಗೆ ವರದಿ ಮಾಡುವ ತಂತ್ರಾಂಶಗಳನ್ನು ಇದು ಹುಡುಕಿ ತೋರಿಸುತ್ತದೆ. ಮೊದಲ ದಿನವೇ ಅರವತ್ತೆರಡು ಸಿಕ್ಕವೆಂದು ತೋರಿಸಿತು. ನನಗೂ ಇದೆಲ್ಲ ಹೊಸದಾದ್ದರಿಂದ ಸಿ.ಡಿ.ಯ ಜೊತೆ ಬಂದ ಪತ್ರಿಕೆಯನ್ನು ತೆರೆದೆನು. ಪತ್ರಿಕೆ ಓದಿದ ಮೇಲೆ ಎಲ್ಲದಕ್ಕೂ ಹೆದರಬೇಕಾಗಿಲ್ಲವೆಂದು ತಿಳಿಯಿತು. ತಂತ್ರಾಂಶ ಹಳದಿ ಬಣ್ಣದಲ್ಲಿ ತೋರಿಸುವವು ಹೊಲಕ್ಕೆ ಹೋಗಿ ಬಂದಾಗ ಸೀರೆ ಅಂಚಿಗೆ ಅಂಟುವ ಉತ್ತರಾಣಿ ಇದ್ದ ಹಾಗೆ, ವೆಬ್‌ಸೈಟುಗಳು ಅಂಟಿಸಿ ಕಳಿಸಿದ ಗುರುತು, ಕಿತ್ತು ಹಾಕಿದರೆ ಮುಗಿಯಿತು. ಪರದೆಯ ಮೇಲೆ ಎಚ್ಚರಿಕೆಯ ಕೆಂಪು ಕಿಟಕಿ ಬಂದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಓದಬೇಕು. ಅರವತ್ತೆರಡೂ ಹಳದಿಯೇ ಆಗಿದ್ದವು. ಎಲ್ಲ ತೆಗೆದೆನು.

ಪಂಚಾಕ್ಷರಪ್ಪನವರು ಇದನ್ನು ಒಪ್ಪಲಿಲ್ಲ. ಇದನ್ನ ಹಾಕೂಕಿಂತ ಮುಂಚಿ ಒಂದೂ ಇರಲಿಲ್ಲ, ನೀ ಹಾಕಿದ ಮ್ಯಾಗ ಅರವತ್ತೆರಡು ಬಂದಾವು, ಇದ ಹುಳಾ ತಂದೈತಿ ಎಂದು ಗಿರಾಕಿಗಳ ಮುಂದೆ ಹೇಳಿದರು. ಗಿರಾಕಿಗಳೂ ಹೌದೌದು ಎಂದರು.

ಮಾರ್ಚ್ 11ರಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದಾಗ ಇಂಟರ್ನೆಟ್ಟಿನಲ್ಲಿ ಒಂದು ಜಾಹೀರಾತು ಮಿಣುಕುತ್ತ ಬಂದು, ನಿಮ್ಮ ಯಂತ್ರಕ್ಕೆ ಅಪಾಯ, ಇಲ್ಲಿ ಒತ್ತಿದರೆ ಪುಕ್ಕಟೆ ಸ್ವಚ್ಛ ಮಾಡಿಕೊಡುತ್ತೇವೆ ಎಂದಿತಂತೆ. ಪಂಚಾಕ್ಷರಪ್ಪನವರು ಒತ್ತಿದರು. ನಾನು ಬಂದ ಮೇಲೆ ಅವರೇ ಇದನ್ನು ಹೆಮ್ಮೆಯಿಂದ ತಿಳಿಸಿ, ನಿನ್ನದು ಬರೀ ಹೆದರಸತೈತಿ, ಅದು ನೋಡು, ಎಷ್ಟು ಮರ್ಯಾದಿಲೆ ಕೇಳತೈತಿ ಎಂದರು.

ಮಾರ್ಚ್ 13, ಸೋಮವಾರ, ಬೆಳಿಗ್ಗೆ 9.10. ಆ ದಿನ ಲಗ್ನಪತ್ರಿಕೆ ಕೆಲಸ ಬಹಳವಿದ್ದುದರಿಂದ ನಾನು ಬೇಗ ಬಂದಿದ್ದೆನು. ಪಂಚಾಕ್ಷರಪ್ಪನವರು ಯಂತ್ರ ಚಾಲೂ ಮಾಡಿ, ಪರದೆಯ ಮೇಲೆ ತಮ್ಮ ಗುರುಗಳ ಚಿತ್ರ ಬಂದ ಮೇಲೆ ಊದಿನಕಡ್ಡಿ ಬೆಳಗಿ, ಮಾನಿಟರಿಗೆ ವಿಭೂತಿ ಕುಂಕುಮ ಹಚ್ಚುವುದು ಅಂಗಡಿಯ ಪದ್ಧತಿ. ನಾನು ಹೊಸ್ತಿಲ ಹೊರಗೆ ನಿಂತಿದ್ದೆನು. ಪೂಜೆ ಮುಗಿಯುವವರೆಗೆ ನಾನು ಅಲ್ಲೇ ನಿಲ್ಲುವುದೂ ಅಂಗಡಿಯ ಪದ್ಧತಿಯೇ. ಆಗ ಸರಿಯಾಗಿ ಗುರುಗಳ ಮುಖದ ಮೇಲೆ ಕೆಂಪು ಕಿಟಕಿ ತೆರೆಯಿತು. ನಾವು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಬರೆದಿಟ್ಟುಕೊಂಡು ಹೊರಗೆ ಕಳಿಸುವ ತಂತ್ರಾಂಶವೊಂದು ಸಿಕ್ಕಿದೆ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಮೂರು ಗುಂಡಿ: ತೆಗೆದುಹಾಕು, ಈ ಸಲ ಬಿಡು, ಯಾವಾಗಲೂ ಬಿಡು.

ಸರ, ಮೊದಲನೇದು ಒತ್ರಿ ಎಂದು ನಾನು ಹೊರಗಿನಿಂದಲೇ ಹೇಳಿದೆನು. ಅವರು ಒತ್ತಿದಾಗ, ತೆಗೆಯಬೇಕಾದರೆ ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಬೇಕೆಂದು ಕೇಳಿತು. ಪೂಜಿ ಮಾಡಿದ ಯಂತ್ರಾನ ಬೋಣಿಗಿ ಆಗೂಕಿಂತ ಮುಂಚಿ ಆರಸ್ತಾರೇನು, ದೀಪಾ ಹಚ್ಚಿ ಊದಿದಂಗ ಆಗತೈತಿ ಎಂದರು. ಹಂಗಾದ್ರ ಎರಡನೇದು ಒತ್ರಿ, ಬೋಣಿಗಿ ಆದ ಮ್ಯಾಗ ನಾ ತಗೀತೀನಿ ಎಂದೆನು. ಎರಡನೇದು ಒತ್ತಿದರೆ ನಾಳಿ ಪೂಜಿಗಿ ಮತ್ತ ಬರತೈತಲ್ಲ ಎಂದು ಹೇಳಿ, ಬಲಗೈಯಲ್ಲಿ ಊದಿನಕಡ್ಡಿ ಹಿಡಿದು, ಎಡಗೈಯಿಂದ ಮೂರನೆಯದನ್ನು ಒತ್ತಿದರು. ಕಿಟಕಿ ಹೋಯಿತು. ಗುರುಗಳ ಮುಖ ಪೂರ್ತಿ ಕಂಡಿತು. ಅವರು ಕೈಮುಗಿದರು.

ಬೋಣಿಗೆಯಾದ ಮೇಲೆ ನಾನು ಹುಡುಕಿಸಿದೆನು. ತಂತ್ರಾಂಶ ಹಸಿರು ಬಣ್ಣದಲ್ಲಿ, ಏನೂ ಇಲ್ಲ ಎಂದು ತೋರಿಸಿತು. ಯಾವಾಗಲೂ ಬಿಡು ಎಂದದ್ದನ್ನು ಅದು ಮತ್ತೆ ನೋಡುವುದೇ ಇಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಪಂಚಾಕ್ಷರಪ್ಪನವರು ನನ್ನ ಭುಜದ ಮೇಲಿನಿಂದ ಇಣುಕಿ, ನೋಡಿದ್ಯಾ, ಗುರುವಿನ ಮುಂದ ಯಾವುದು ನಿಲ್ಲತೈತಿ ಎಂದರು.

ಏಪ್ರಿಲ್ 9ರಂದು ಬಳೆ ಅಂಗಡಿಯ ಬಸಲಿಂಗಮ್ಮನವರು ಬಂದರು. ಅವರ ಮಗಳು ಸುಕನ್ಯಾಳಿಗೆ ಹರಪನಹಳ್ಳಿಯ ಗಂಡು ಗೊತ್ತಾಗಿತ್ತು. ಮಗಳ ಮೇಲ್‌ನಿಂದ ಗಂಡಿನ ಮನೆಗೆ ಫೋಟೋ ಕಳಿಸಬೇಕಿತ್ತು. ಪಾಸ್‌ವರ್ಡನ್ನು ಅವರು ನನ್ನ ಕಿವಿಯಲ್ಲಿ ಹೇಳಿದರು, ನಾನು ಈ ಯಂತ್ರದಲ್ಲಿ ಒತ್ತಿದೆನು. ಹುಡುಗಿ ಚಂದ ಬಂದಾಳ ಎಂದು ನಾನು ಹೇಳಿದ್ದಕ್ಕೆ, ನಿನ್ನ ಲಗ್ನಪತ್ರಿಕೀನೂ ನೀನ ಟೈಪ್ ಮಾಡ್ಕೊಳವ್ವ ಎಂದು ನಕ್ಕರು.

ಏಪ್ರಿಲ್ 17ರಂದು ಆ ಮೇಲ್‌ನಿಂದ ಅದರಲ್ಲಿದ್ದ ಎಲ್ಲ ವಿಳಾಸಗಳಿಗೂ ಇಲ್ಲಿ ಬರೆಯಲಾಗದಂಥ ಚಿತ್ರಗಳ ಜಾಹೀರಾತು ಹೋಯಿತು. ಗಂಡಿನ ಮನೆಗೂ ಹೋಯಿತು. ಇಂಥ ಚಿತ್ರ ಕಳಸೋ ಮನೆತನ ನಮಗೆ ಬ್ಯಾಡ ಎಂದು ಅವರು ಫೋನಿನಲ್ಲೇ ಮುಗಿಸಿದರು.

ಏಪ್ರಿಲ್ 20ರಂದು ಬಸಲಿಂಗಮ್ಮನವರು ಅಂಗಡಿಗೆ ಬಂದು, ನಿನ್ನ ಕಿವಿ ಬಿಟ್ಟರ ಯಾರ ಕಿವಿಗೂ ಹೇಳಿಲ್ಲವ್ವ ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆನು. ಆ ಕೆಂಪು ಕಿಟಕಿಯ ವಿಷಯವನ್ನು ನಾನು ಹೇಳಲು ಹೋದಾಗ ಪಂಚಾಕ್ಷರಪ್ಪನವರು ತಡೆದು, ಇಂಥವರನ್ನ ಒಳಗ ಬಿಟ್ಕೊಂಡದ್ದ ನನ್ನ ತಪ್ಪು ಎಂದರು. ಇಂಥವರು ಎಂದರೆ ಎಂಥವರು ಎಂದು ನಾನು ಕೇಳಲಿಲ್ಲ. ಅಂಗಡಿಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಅದೇ ದಿನ ಕೆಲಸ ಹೋಯಿತು, ಮರುದಿನ ಪಂಚಾಕ್ಷರಪ್ಪನವರು, ಪಾಸ್‌ವರ್ಡ್ ಬಳಸಿ ಆ ಚಿತ್ರ ಕಳಿಸಿದವಳು ನಾನೇ ಎಂದು ದೂರು ಕೊಟ್ಟರು. ಜೂನ್‌ನಿಂದ ನನ್ನನ್ನು ಕಂಪ್ಯೂಟರ್ ಟೀಚರ್ ಆಗಿ ತೆಗೆದುಕೊಳ್ಳುವುದಾಗಿ ಹೇಳಿದ್ದ ಹಡಗಲಿಯ ಶಾಲೆಯವರು, ಪೊಲೀಸರ ಕಡೆಯಿಂದ ನಿನ್ನದೇನೂ ಇಲ್ಲ ಅಂತ ಆದ ಮ್ಯಾಗ ಬಾರಮ್ಮ ಎಂದಿದ್ದಾರೆ. ಈ ಹೇಳಿಕೆಯಿಂದ ನನಗೆ ಬೇಕಾದದ್ದು ಅಷ್ಟೇ.

ಮನೆಯಲ್ಲಿ ಕುಳಿತು ಆ ಕಂಪ್ಯೂಟರ್ ಪತ್ರಿಕೆಯನ್ನು ಮತ್ತೆ ಮೊದಲಿನಿಂದ ಓದಿದಾಗ, ಬಿಡು ಎಂದವುಗಳನ್ನು ತಂತ್ರಾಂಶ ಬೇರೆ ಕಡೆ ಇಟ್ಟಿರುತ್ತದೆ, ಅಲ್ಲಿಂದ ಹೊರಗೆ ತಂದರೆ ಎಚ್ಚರಿಕೆ ಪುನಃ ಬರುತ್ತದೆ ಎಂದು ತಿಳಿಯಿತು. ಈ ದಿನ ಸಂಜೆ 6.25ಕ್ಕೆ ಹೆಡ್ ಕಾನ್‌ಸ್ಟೇಬಲ್ ಅವರ ಎದುರಿನಲ್ಲೇ ಹಾಗೆ ಮಾಡಿದೆನು. ಕೂಡಲೇ ಕೆಂಪು ಕಿಟಕಿ ಬಂದಿತು. ಅವರು ಕುರ್ಚಿ ಎಳೆದುಕೊಂಡು, ಇದರಾಗ ಏನ್ ಬರದೈತಿ ಓದವ್ವ ಎಂದರು. ಈ ಕೇಸಿನಲ್ಲಿ ನನಗೆ ಓದು ಎಂದ ಮೊದಲ ವ್ಯಕ್ತಿ ಅವರು. ನಾನು ಒಂದು ಸಾಲು ಓದಿರಬಹುದು, ಪಂಚಾಕ್ಷರಪ್ಪನವರು ಗಂಟೆ ಬಾರಿಸಿದರು. ಸಂಜೆ ದೀಪ ಹಚ್ಚುವ ಹೊತ್ತಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು, ಎದ್ದು ನಿಂತು, ಕೈಮುಗಿದು ಕಣ್ಣು ಮುಚ್ಚಿದರು. ಪೂಜೆಗೆ ಹೊರಗ ನಿಲ್ಲವ್ವ ಎಂದು ಪಂಚಾಕ್ಷರಪ್ಪನವರು ಹೇಳಿದ್ದರಿಂದ ನಾನು ಹೊಸ್ತಿಲ ಹೊರಗೆ ಬಂದೆನು. ಹೊರಗಿನಿಂದಲೇ ನೋಡಿದೆನು. ಬಲಗೈಯಲ್ಲಿ ಊದಿನಕಡ್ಡಿ, ಎಡಗೈಯಲ್ಲಿ ಮೌಸ್, ಮೂರನೆಯ ಗುಂಡಿ.

ಹೆಡ್ ಕಾನ್‌ಸ್ಟೇಬಲ್ ಕಣ್ಣು ತೆರೆದಾಗ ಗುರುಗಳ ಮುಖವಿತ್ತು. ಕೆಂಪಗ ಏನೋ ಇತ್ತಲ್ಲರಿ ಎಂದು ಕೇಳಿದ್ದಕ್ಕೆ, ಮಾನಿಟರಿಗಿ ಕುಂಕುಮ ಹಚ್ಚೀನಲ್ಲರಿ ಎಂದು ಪಂಚಾಕ್ಷರಪ್ಪನವರು ತೋರಿಸಿದರು. ಕುಂಕುಮವಿದ್ದದ್ದು ನಿಜ. ಮತ್ತೊಮ್ಮೆ ತೋರಿಸುತ್ತೇನೆ, ಇಲ್ಲವೇ ಯಂತ್ರವನ್ನು ಠಾಣೆಗೆ ಒಯ್ಯಿರಿ ಎಂದು ನಾನು ಕೇಳಿದೆನು. ಹೆಡ್ ಕಾನ್‌ಸ್ಟೇಬಲ್, ಮತ್ತ ತೋರಸೂದು ಬ್ಯಾಡ, ಈಗ ಹೇಳಿಕಿ ಅಷ್ಟ ಟೈಪ್ ಮಾಡು, ಪೂಜಿ ಆದ ಯಂತ್ರಾನ ಇಳೀ ಹೊತ್ತಿನಾಗ ಹ್ಯಾಂಗ ಎತ್ತಿಸಲವ್ವ, ನಾಳಿ ನೋಡೂಣು ಎಂದರು. ನಾಳೆ ಬೆಳಿಗ್ಗೆ ಯಂತ್ರ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಲು ಹೊಸಪೇಟೆಗೆ ಹೋಗುತ್ತದೆ ಎಂದು ಪಂಚಾಕ್ಷರಪ್ಪನವರು ಈಗ ತಾನೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾರೆ.

ಅಲ್ಲಿಯವರೆಗೆ ಆ ಕಳ್ಳ ತಂತ್ರಾಂಶ ಇದರೊಳಗೇ ಇದೆ, ಮತ್ತು ನಾನು ಇದನ್ನು ಟೈಪ್ ಮಾಡುತ್ತಿರುವುದು ಇದರಲ್ಲೇ. ಈ ಹೇಳಿಕೆ ಠಾಣೆಗೆ ತಲುಪುವ ಮೊದಲೇ ಎಲ್ಲಿಯೋ ಕುಳಿತ ಒಬ್ಬ ಅಪರಿಚಿತನಿಗೆ ತಲುಪಿರುತ್ತದೆ. ಅವನಿಗೆ ಕನ್ನಡ ಬರಲಿಕ್ಕಿಲ್ಲ. ಆದರೆ ನಾನು ಹೇಳಿದ್ದನ್ನು ನಡುವೆ ತಡೆಯದೆ, ಒಂದಕ್ಷರವನ್ನೂ ಬಿಡದೆ ಬರೆದುಕೊಂಡವನು ಇಲ್ಲಿಯವರೆಗೆ ಅವನೊಬ್ಬನೇ.

ಮೇಲಿನದೆಲ್ಲ ನಾನು ಕಂಡು ಕೇಳಿದ ನಿಜ ಸಂಗತಿ. ಓದಿ ಹೇಳಿ ಕೇಳಿಸಲಾಯಿತು ಎಂದು ಕೊನೆಗೆ ಸೇರಿಸಲು ಹೆಡ್ ಕಾನ್‌ಸ್ಟೇಬಲ್ ಹೇಳಿದ್ದಾರೆ. ಯಾರೂ ಓದಿ ಹೇಳಿಲ್ಲವಾದ್ದರಿಂದ ಅದನ್ನು ಸೇರಿಸಿಲ್ಲ.

ಸ್ಥಳ: ಕೊಟ್ಟೂರು
ದಿನಾಂಕ: 16-05-2006, ಸಂಜೆ 7.20
ಸಹಿ: ಪಂಪಮ್ಮ