ಅರ್ಧಕ್ಕೆ ನಿಂತ ಕೀರ್ತನೆ

ರಾತ್ರಿ ಒಂದೂವರೆ. ಬಾವಿಯ ಹಾದಿಯಲ್ಲಿ ಅವಳೊಬ್ಬಳೇ ನಡೆಯುತ್ತಿದ್ದಳು. ಓಡುತ್ತಿದ್ದಳು ಅಂದರೂ ತಪ್ಪಲ್ಲ. ಇದು ಕಟ್ಟುಕತೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವಳದು ನಮ್ಮ ಗೋಡೆಗೆ ಗೋಡೆ ತಾಗಿದ ಮನೆ. ಅವಳ ಹೊಲಿಗೆ ಮಷೀನಿನ ಸದ್ದು ಕೇಳಿಕೊಂಡೇ ನಾನು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದುದು.

ಎಲ್ಲರಿಗೂ ಅವಳು ದರ್ಜಿ ಅಕ್ಕ. ನಮ್ಮ ಚರ್ಚಿನ ಸಭೆಯವರಿಗೆ ಇನ್ನೊಂದು ಕಾರಣಕ್ಕೂ ಬೇಕಾದವಳು. ಯಾರಾದರೂ ಕೊನೆಯುಸಿರು ಎಳೆಯುತ್ತಿದ್ದರೆ ಅವಳಿಗೆ ಕರೆ ಬರುತ್ತಿತ್ತು. ಹೋಗಿ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಬೈಬಲಿನ ಒಂದು ಉದ್ದನೆಯ ಕೀರ್ತನೆ ಓದುತ್ತಿದ್ದಳು. ಅವಳು ಬಾಗಿಲಲ್ಲಿ ಕಂಡರೆ ಕಾಯಿಲೆಯವರ ಎದೆ ಝಲ್ಲೆನ್ನುತ್ತಿತ್ತು. ‘ಅಳತೆ ತಗೊಳ್ಳೋಕೆ ಬಂದಳೋ, ಕಳಿಸಿಕೊಡೋಕೆ ಬಂದಳೋ’ ಅಂತ ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಆದರೆ ಓದುವ ವಿಷಯದಲ್ಲಿ ತಮಾಷೆ ಇರಲಿಲ್ಲ. ಒಮ್ಮೆ ಶುರು ಮಾಡಿದರೆ ಕೊನೆಯವರೆಗೂ ಓದಲೇಬೇಕು, ಉಸಿರು ನಡುವೆ ನಿಂತರೂ ಸರಿ. ಅರ್ಧಕ್ಕೆ ಎದ್ದರೆ ಹೋಗುವವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ ಅಂತ ಅವಳ ಅಮ್ಮ ಹೇಳಿಕೊಟ್ಟಿದ್ದಳಂತೆ.

ಅವಳ ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು. ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ಎರಡು ವರ್ಷವಾಗಿತ್ತು. ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅವಳು ಗೋಡೆ ತುಂಬ ಬೈಬಲ್ ವಾಕ್ಯದ ಕಾರ್ಡು ಅಂಟಿಸಿದ್ದಳು. ವಾಸಿಮಾಡುವ ವಾಕ್ಯ, ಬಲ ಕೊಡುವ ವಾಕ್ಯ, ಎದ್ದು ನಡೆಯುವವರ ವಾಕ್ಯ. ಬೆಳಗ್ಗೆ ಅವನ ಕಾಲು ತಿಕ್ಕುತ್ತಾ ಒಂದೊಂದನ್ನೇ ಓದಿ ಹೇಳುತ್ತಿದ್ದಳು, ಯಾಕೆಂದರೆ ಅವನಿಗೆ ಅಕ್ಷರ ಬಾರದು. ಅವನು ಸುಮ್ಮನೆ ಕೇಳಿ ಕೊನೆಗೆ ಒಂದೇ ಮಾತು ಅನ್ನುತ್ತಿದ್ದ.

“ಎಲ್ಲರಿಗೂ ಓದ್ತೀಯಲ್ಲ, ಅದನ್ನ ಓದು. ನನಗೂ ಒಂದ್ಸಲ ಪೂರ್ತಿ ಓದು.”

“ಅದು ಹೋಗೋರ ಕೀರ್ತನೆ. ನೀನೆಲ್ಲಿ ಹೋಗ್ತೀಯ? ಬಾಯಿ ಮುಚ್ಚು.”

“ಹೋಗೋ ದಿನ ಆದ್ರೂ ಓದ್ತೀಯಾ?”

“ಓದ್ತೀನಪ್ಪಾ, ಓದ್ತೀನಿ. ಆ ದಿನ ದೇವರು ತರಲ್ಲ.”

ಗೋಡೆಯ ಆಚೆಯಿಂದ ಈ ಜಗಳ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವನು ಬದುಕುತ್ತಾನೆ ಅಂತ ಅವಳು ಹಟ ಹಿಡಿದಿದ್ದಳು. ಅದನ್ನೇ ವಿಶ್ವಾಸ ಅಂದುಕೊಂಡಿದ್ದಳು.

ಆ ರಾತ್ರಿ ಬೇಕರಿ ಅಜ್ಜನಿಗೆ ಜ್ವರ ಜೋರಾಗಿತ್ತು. ಮೂರು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ಅಜ್ಜನ ಮಗಳು ಕರೆಸಿದಳು. ನಾದಿನಿಯನ್ನು ಗಂಡನ ಹತ್ತಿರ ಕೂರಿಸಿ ಇವಳು ಹೋದಳು. ಬ್ರೆಡ್ಡಿನ ಒಲೆ ಆರಿದ ಮನೆ, ಒಳಕೋಣೆಯಲ್ಲಿ ಒಂದೇ ಒಂದು ಬಲ್ಬು. ಕೀರ್ತನೆ ಅರ್ಧ ಮುಗಿದಿರಬೇಕು, ಫೋನು ಗುರ್ರ್... ಗುರ್ರ್... ಎಂದು ಮಡಿಲಲ್ಲೇ ನಡುಗಿತು.

“ಅತ್ತಿಗೆ... ಬೇಗ ಬನ್ನಿ. ಅಣ್ಣಂಗೆ ಉಸಿರು ಸರಿಯಾಗಿ ಬರ್ತಿಲ್ಲ. ನಿಮ್ಮನ್ನೇ ಕೇಳ್ತಿದಾನೆ.”

ಮೂರು ಪುಟ ಒಟ್ಟಿಗೆ ಮಗುಚಿದಳು. ಕೊನೆಯ ಎರಡು ಸಾಲು ಓದಿ ಆಮೆನ್ ಅಂದುಬಿಟ್ಟಳು. ಅಜ್ಜನ ಮಗಳಿಗೆ ಗೊತ್ತಾಗಲಿಲ್ಲ. ಆದರೆ ಅಜ್ಜ... ಮೂರು ದಿನದಿಂದ ಮುಚ್ಚಿದ್ದ ಕಣ್ಣು ಬಿಟ್ಟು ಅವಳನ್ನೇ ನೋಡಿದ. ಅವಳು ತಿರುಗಿ ನೋಡದೆ ಹೊರಬಿದ್ದಳು. ಪುಸ್ತಕ ಸ್ಟೂಲಿನ ಮೇಲೇ ಉಳಿಯಿತು.

ಈಗ ಬಾವಿ. ಹಗಲು ಹತ್ತು ಜನ ನೀರು ಸೇದುವ ಜಾಗ. ಆ ಹೊತ್ತಲ್ಲಿ ಒಂದು ನಾಯಿಯೂ ಇಲ್ಲ. ರಾಟೆ ಮಾತ್ರ ಗಾಳಿಗೆ ಕಿರ್... ಅಂತು. ನಿಂತಿತು. ಮತ್ತೆ ಕಿರ್... ಅಂತು.

ಅದರ ಹಿಂದೆಯೇ ಇನ್ನೊಂದು ಸದ್ದು. ಬರಿಗಾಲಿನ ಸದ್ದು. ತಪ್... ತಪ್... ಒದ್ದೆ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ.

ಅವಳು ನಿಂತಳು. ಅದೂ ನಿಂತಿತು.

ಅವಳು ನಡೆದಳು. ತಪ್... ತಪ್... ಎದುರಿನಿಂದ ಬರುತ್ತಿದೆಯೋ, ಪಕ್ಕದಲ್ಲಿದೆಯೋ ತಿಳಿಯಲಿಲ್ಲ. ಆಮೇಲೆ ಕಿವಿಯ ಹತ್ತಿರವೇ... ದನಿಯಲ್ಲ, ಬರೀ ಉಸಿರು.

“ಪೂರ್ತಿ ಓದಲಿಲ್ಲ...”

ಅಯ್ಯೋ, ಅಜ್ಜ ಹೋದ. ಅರ್ಧ ದಾರಿಯಲ್ಲಿ ನಿಂತ. ನನ್ನ ಹಿಂದೆ ಬಿದ್ದ. ಹಾಗಂತಲೇ ಅಂದುಕೊಂಡಳು, ಪಾಪ. ಮಾಡಿದ ತಪ್ಪು ಎದೆಯಲ್ಲಿ ಕೂತಿರುವಾಗ ಬೇರೆ ಏನು ಹೊಳೆಯುತ್ತದೆ?

“ಓದು...” ಅಂತು ಅದು.

ಅವಳಿಗೆ ಕೀರ್ತನೆ ಬಾಯಿಪಾಠ. ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು ಹೇಳಿದ್ದರೆ ಹತ್ತು ನಿಮಿಷ. ಆ ಹತ್ತು ನಿಮಿಷ ಗಂಡನದು. ಇದನ್ನು ಹಿಂದೆ ಕಟ್ಟಿಕೊಂಡು ಮನೆಗೆ ಹೋಗುವುದಾದರೂ ಹೇಗೆ? ಹಲ್ಲು ಕಚ್ಚಿ ತಿರುಗಿ ನಿಂತಳು.

“ಯೇಸುವಿನ ನಾಮದಲ್ಲಿ ಹೇಳ್ತಿದ್ದೀನಿ, ಹೋಗು! ನನ್ನ ಜೊತೆ ಬರಬೇಡ. ನಮ್ಮನೆ ಹೊಸಿಲು ತುಳೀಬೇಡ. ಹೋಗು!”

ರಾಟೆ ಮತ್ತೊಮ್ಮೆ ಕಿರ್... ಅಂತು.

ಆಮೇಲೆ... ತಪ್... ತಪ್... ತಪ್... ಅದು ದೂರವಾಯಿತು. ಬೇಕರಿ ಇದ್ದ ದಿಕ್ಕಿಗೆ. ಎದುರು ಮಾತಾಡಲಿಲ್ಲ, ಹೆದರಿಸಲಿಲ್ಲ. ಹೇಳಿದ ಮಾತು ಕೇಳಿಕೊಂಡು ಹೋಯಿತು. ‘ಸ್ತೋತ್ರ, ದೇವರೇ’ ಅಂದಳಂತೆ ಇವಳು. ನಾಲಿಗೆ ಯಾಕೆ ಬಿದ್ದುಹೋಗಲಿಲ್ಲವೋ ಅಂತ ಆಮೇಲೆ ನನ್ನ ಹತ್ತಿರ ಎಷ್ಟು ಸಲ ಅತ್ತಳು.

ಮನೆಯಲ್ಲಿ ದೀಪ ಉರಿಯುತ್ತಿತ್ತು. ನಾದಿನಿ ಹೊಸಿಲಲ್ಲೇ ಕೂತಿದ್ದಳು, ಅಳು ಮುಗಿದ ಮುಖ.

“ಹೋದ, ಅತ್ತಿಗೆ.”

“ಯಾವಾಗ?”

“ಈಗ... ಹತ್ತು ಹದಿನೈದು ನಿಮಿಷ ಆಯ್ತು. ಕಾಯ್ದ, ಕಾಯ್ದ. ‘ಅವಳು ಬಾವಿ ತನಕ ಬಂದಿರ್ತಾಳೆ, ನಾನೇ ಎದುರು ಹೋಗ್ತೀನಿ, ಅಲ್ಲೇ ಓದಿಸ್ಕೋತೀನಿ’ ಅಂದ. ಎರಡು ಕಾಲೂ ಹಾಸಿಗೆಯಿಂದ ಕೆಳಗೆ ಇಳಿಸಿದ. ಎರಡು ವರ್ಷದಿಂದ ಅಲ್ಲಾಡದ ಕಾಲು, ಅತ್ತಿಗೆ! ಹಾಗೇ ಒರಗಿಬಿಟ್ಟ.”

ಅವಳು ಕಿರುಚಿದ್ದು ನಮ್ಮ ಮನೆಗೆ ಕೇಳಿಸಿತು. ನಾವೆಲ್ಲ ಓಡಿದೆವು. ಸಾವಿನ ಅಳು ಅಂದುಕೊಂಡೆವು. ಅವಳು ಮಾತ್ರ ಹೊಸಿಲಿನ ಆಚೆ ಕತ್ತಲೆಗೆ ಕೈ ಚಾಚಿ “ಬಾ, ಬಾ, ಓದ್ತೀನಿ ಬಾ” ಅಂತ ಕರೆಯುತ್ತಿದ್ದಳು. ಹೆಣ ಅವಳ ಬೆನ್ನ ಹಿಂದೆ ಮಂಚದ ಮೇಲಿತ್ತು.

ಬೆಳಗ್ಗೆ ಮಣ್ಣಿಗೆ ಬಂದವರಲ್ಲಿ ಅಜ್ಜನ ಮಗಳೂ ಇದ್ದಳು. ಅಪ್ಪ ಎದ್ದು ಕೂತು ಗಂಜಿ ಕುಡಿದ ಅಂತ ಯಾರಿಗೋ ಪಿಸುಗುಟ್ಟಿದಳು. ಸಾವಿನ ಮನೆಯಲ್ಲಿ ಜೋರಾಗಿ ಹೇಳುವ ಸಂತೋಷವಲ್ಲವಲ್ಲ. ಅದು ಇವಳ ಕಿವಿಗೆ ಬಿತ್ತು. ಅಲ್ಲಿಯವರೆಗೆ ಒಂದು ಎಳೆ ಅನುಮಾನ ಉಳಿದಿತ್ತೇನೋ, ಬಾವಿಯ ಹತ್ತಿರ ಬಂದದ್ದು ಅಜ್ಜನೇ ಇರಬಹುದು ಅಂತ. ಅದೂ ಹೋಯಿತು.

ಗುಂಡಿಗೆ ಮಣ್ಣು ಹಾಕಿ ಎಲ್ಲರೂ ಚದುರಿದ ಮೇಲೆ ಪಾದ್ರಿಯವರ ಮುಂದೆ ನಿಂತು ಕೇಳಿದಳು.

“ಅಯ್ಯನವರೇ, ಯೇಸುವಿನ ಹೆಸರು ಹೇಳಿ ಅವನಿಗೆ ಹೋಗು ಅಂದುಬಿಟ್ಟಿದ್ದೀನಿ. ವಾಪಸ್ ಕರೆಯೋಕೆ ಯಾವ ವಾಕ್ಯ ಇದೆ?”

ಪಾದ್ರಿಯವರು ಒಳ್ಳೆಯವರು, ಬಾಯಿಗೆ ಬಂದದ್ದು ಹೇಳುವವರಲ್ಲ. ಪುಸ್ತಕ ತೆಗೆದರು. ಅಲ್ಲಿ ಹುಡುಕಿದರು, ಇಲ್ಲಿ ಹುಡುಕಿದರು. “ಅವನು ದೇವರ ಹತ್ತಿರ ಇದ್ದಾನಮ್ಮ” ಅಂದರು ಕೊನೆಗೆ.

“ದೇವರ ಹತ್ತಿರ ಇರೋನು ನನ್ನ ಹತ್ತಿರ ಓದು ಅಂತ ಯಾಕೆ ಬಂದ?”

ಅವರು ಪುಸ್ತಕ ಮುಚ್ಚಿ ಅವಳ ತಲೆಯ ಮೇಲೆ ಕೈ ಇಟ್ಟರು.

ಎಷ್ಟೋ ರಾತ್ರಿ ಅವಳು ಬಾವಿಕಟ್ಟೆಗೆ ಹೋಗಿ ಕೀರ್ತನೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದಳು. ನಾನೇ ಎರಡು ಸಲ ಜೊತೆಗೆ ಹೋಗಿದ್ದೇನೆ. ರಾಟೆ ಬಿಟ್ಟರೆ ಏನೂ ಕೇಳಿಸಲಿಲ್ಲ. ಗೋಡೆಯ ಕಾರ್ಡುಗಳನ್ನು ಅವಳು ಕಿತ್ತೂ ಹಾಕಲಿಲ್ಲ, ಓದಲೂ ಇಲ್ಲ.

ತಿಂಗಳಾದ ಮೇಲೆ ಪುಸ್ತಕ ತರೋಣ ಅಂತ ನಾನೇ ಅವಳನ್ನು ಬೇಕರಿಗೆ ಕರೆದುಕೊಂಡು ಹೋದೆ. ಅಜ್ಜ ಮಂಚದ ಮೇಲೆ ಕೂತಿದ್ದ. ಇವಳನ್ನು ಕಂಡು ಮುಖ ತಗ್ಗಿಸಿದ.

“ನೀನು ಹೋದ ಮೇಲೆ ಒಬ್ಬ ಬಂದಿದ್ದನಮ್ಮ. ತೆಳ್ಳಗಿನವನು, ಬರಿಗಾಲು. ಆ ಸ್ಟೂಲ್ ಮೇಲೇ ಕೂತ. ಪುಸ್ತಕ ನನ್ನ ಕಡೆ ತಿರುಗಿಸಿ ಹಿಡಿದ. ‘ಅವಳು ಬರಬೇಡ ಅಂದಳು. ನೀವು ಓದ್ತೀರಾ?’ ಅಂದ.”

ದರ್ಜಿ ಅಕ್ಕ ಆ ಸ್ಟೂಲಿನ ಕಡೆ ನೋಡಿದಳು. “ನೀವು... ಏನಂದ್ರಿ?”

“ಏನನ್ನಲಿ? ಜೀವಮಾನವೆಲ್ಲ ಹಿಟ್ಟು ನಾದಿದವನು. ‘ನನಗೂ ಅಕ್ಷರ ಬರಲ್ಲ ಕಣಪ್ಪಾ’ ಅಂದೆ. ಆದ್ರೂ ಏಳಲಿಲ್ಲ. ಬೆಳಗಾಗೋ ತನಕ ಹಾಗೇ ಹಿಡಿದುಕೊಂಡು ಕೂತಿದ್ದ.”

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಅದೇ ಬಾಗಿಲಲ್ಲಿ ನಿಂತು ನನ್ನ ಕಿವಿಯಾರೆ ಕೇಳಿದ ಮಾತು ಇದು. ಜ್ವರದ ಕನಸು ಅಂತ ನಾನೂ ಹೇಳಹೊರಟಿದ್ದೆ. ಅಷ್ಟರಲ್ಲಿ ಅಜ್ಜನ ಮಗಳು ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದಳು.

“ಬಾಗಿಲಿಗೆ ನಾನೇ ಚಿಲಕ ಹಾಕಿದ್ದೆ. ಬೆಳಗ್ಗೆ ನೋಡಿದರೆ ಪುಸ್ತಕ ಅಪ್ಪನ ಎದೆ ಮೇಲಿತ್ತು, ತೆರೆದೇ ಇತ್ತು. ನಾನೇ ಮುಚ್ಚಿ ಒಳಗಿಟ್ಟೆ” ಅಂದಳು.