ತಟ್ಟಿದರೆ ಮುಚ್ಚುವ ಬಾಗಿಲು

...ಅದಿರ್ಲಿ, ಮೊದ್ಲು ಇದಕ್ಕೆ ಉತ್ರ ಹೇಳ್ರಿ ನೋಡಾನ. ಎಲ್ಲಾರ ಮನೇಲೂ ಬಾಗ್ಲು ತಟ್ಟಿದ್ರೆ ತೆಗೀತಾರೆ. ಇದೊಂದು ಮನೇಲಿ ಮಾತ್ರ, ತೆಗ್ದಿರೋ ಬಾಗ್ಲು ತಟ್ಟಿದ್ರೆ ಮುಚ್ಕಂತಾರೆ. ಮುಚ್ಕಂಡ್ರೆ ಒಳಗಿರೋನು ಬದುಕವ್ನೆ, ಮುಚ್ಲಿಲ್ಲ ಅಂದ್ರೆ ಹೋಗ್ಬುಟ್ಟವ್ನೆ. ಯಾವುದ್ಲಾ ಆ ಮನೆ? ಏನಂದೆ ಪುಟ್ಟಿ? ಗಣೇಶನ ಚಂದಾ ಕೇಳಾಕೆ ಬಂದಾಗ ನಮ್ಮನೆ ಅಂತಾನಾ? ಆಹಾ, ನನ್ ಮೊಮ್ಮಗಳು ಅನ್ನೋದಕ್ಕೆ ಬ್ಯಾರೆ ಸಾಕ್ಷಿ ಬ್ಯಾಡ. ಆದ್ರೆ ಅದಲ್ಲ ಕಣವ್ವ. ನಿಮ್ ಕೈಲಿ ಆಗಲ್ಲ ಬುಡ್ರಿ. ನನ್ ಕೈಲೂ ಆಗಿರ್ಲಿಲ್ಲ, ಆಗದೆ ಇದ್ದಿದ್ದಕ್ಕೇ ಒಂದು ಬಸ್ಸು ತುಂಬಾ ಜನ ಮೂಗು ಹಿಡ್ಕಂಡು ಮಧುಗಿರಿಗೆ ಬಂದಿದ್ದು.

ಆಗ ನಂಗೆ ಹದಿನೈದೋ ಹದಿನಾರೋ. ಇಸ್ಕೂಲು ಬುಟ್ಟಿದ್ದೆ. ಅಲ್ಲಲ್ಲ, ಇಸ್ಕೂಲೇ ನನ್ನ ಬುಟ್ಟಿತ್ತು. ಮೇಷ್ಟ್ರ ಕೊಡೆ ಒಳಗೆ ಒಂದು ಕಪ್ಪೆ ಕೂರಿಸಿದ್ದೆ, ಮಳೆ ಬಂದ ದಿವ್ಸ ಅವರು ಕೊಡೆ ಬಿಚ್ಚಿದ್ರು... ಅದು ಬ್ಯಾರೆ ಕತೆ, ಇನ್ನೊಂದ್ಸಲ. ರೇಷನ್ ಅಂಗಡೀಲಿ ಕೆಂಪು ಜೋಳ ಕೊಡೋ ಕಾಲ ಅದು. ಅದ್ರಲ್ಲಿ ಮುದ್ದೆ ತಿರುವಿದ್ರೆ ಮುದ್ದೆ ಥರ ನಿಲ್ತಾನೇ ಇರ್ಲಿಲ್ಲ ಕಣ್ರಲಾ, ತಟ್ಟೆಗೆ ಇಕ್ಕಿದ ತಕ್ಷಣ ಸುಸ್ತಾದೋರಂಗೆ ಮಲಿಕಂಬುಡೋದು. ಅಂಥಾ ಹೊತ್ನಲ್ಲಿ ಲಾರಿ ಓಡಿಸ್ತಿದ್ದ ನಮ್ಮಣ್ಣ ಮಂಗಳೂರು ಕಡೆಗೆ ಕಡ್ಲೇಕಾಯಿ ಲೋಡು ಹೊಡ್ಕಂಡು ಹೋಗಿ, ಬರೋವಾಗ ಮದ್ವೆ ಮಾಡ್ಕಂಡು ಬಂದ. ಅವಳೇ ನನ್ನ ಅತ್ತಿಗೆ, ನಿಮ್ಮ ದೊಡ್ಡಜ್ಜಿ. ಹೊಳೆ ದಂಡೇಲಿ ಹುಟ್ಟಿ ಬೆಳೆದೋಳು. ಬಂದ ದಿವ್ಸ ನಮ್ಮ ಬೋಳು ಬೆಟ್ಟ ನೋಡಿ, "ಇದ್ರಲ್ಲಿ ಒಂದು ಮರ ಸಹ ಇಲ್ವಾ ಮಾರಾಯ್ರೆ?" ಅಂದ್ಲು. ನಮ್ಮ ಬೀದಿ ಹೆಂಗಸ್ರೆಲ್ಲಾ ಅವಳ ಮಾತು ಕೇಳಿ ಕಿಸಕ್ ಅಂದ್ರು. ಮುಗೀತು, ಆಮೇಲೆ ಬಾಯೇ ಬಿಡ್ಲಿಲ್ಲ. ಅಣ್ಣ ಮೂಗಿ ತಂದವ್ನೆ ಅಂತ ಅವರೇ ಮತ್ತೆ ಆಡ್ಕಂಡ್ರು.

ಅವಳು ಬಸ್ರಿ ಆದ್ಲು ನೋಡಿ, ಅಲ್ಲಿಂದ ತಾಪತ್ರಯ. ಒಂದು ತುತ್ತು ಒಳಕ್ಕೆ ಹೋಗದು. ನಮ್ಮಮ್ಮನ ಸಂಕಟ ನೋಡಕ್ಕಾಗದು. "ನಾನು ಹೊಟ್ಟೆ ಕಟ್ಟಿ ಅವಳಿಗೆ ಇಕ್ತೀನಿ, ಅವಳು ತಟ್ಟೇಲೇ ಬುಡ್ತಾಳೆ. ಬಸ್ರಿ ಬಯಕೆ ತೀರಿಸ್ಲಿಲ್ಲ ಅಂದ್ರೆ ಹುಟ್ಟೋ ಕೂಸಿನ ಕಿವಿ ಸೋರ್ತದೆ ಕಣ್ಲಾ. ಏನು ಬೇಕು ಅಂತ ಬಾಯ್ಬಿಟ್ಟು ಹೇಳಾದ್ರೂ ಹೇಳ್ಬಾರ್ದಾ?" ಅಂತ ಒಲೆ ಮುಂದೆ ಕೂತ್ಕಂಡು ಒಲೇಗೆ ಹೇಳೋದು. ಕೊನೇಗೆ ಅಣ್ಣ, "ಬರೋ ವಾರದ ಲೋಡಿನ ಜೊತೆ ತೌರಿಗೆ ಬುಟ್ಟು ಬರ್ತೀನಿ" ಅಂದ. ಅತ್ತಿಗೆ ಟ್ರಂಕು ತುಂಬೋದು ನಾನು ನೋಡಿದೆ. ಗ್ವಾಡೆ ಮೊಳೇಲಿದ್ದ ತನ್ನ ಕನ್ನಡೀನೂ ತೆಗ್ದು ಒಳಕ್ಕೆ ಹಾಕಿದ್ಲು. ವಾಪಸ್ ಬರೋರು ಕನ್ನಡಿ ತಗಂಡು ಹೋಗ್ತಾರೇನ್ರಲಾ? ಅವಳು ಹೋಗೋದು ನಂಗೆ ಬ್ಯಾಡ್ವಾಗಿತ್ತು. ಯಾಕಂದ್ರೆ ಆ ಮನೇಲಿ ನನ್ ತಮಾಷೆಗೆ ನಗ್ತಿದ್ದೋಳು ಅವಳೊಬ್ಳೇ, ಅದೂ ಸೆರಗು ಬಾಯಿಗೆ ಇಟ್ಕಂಡು. ಅವಳು ಹೋದ್ರೆ ನಾನು ಯಾರ ಮುಂದೆ ಮಂಗಾಟ ಆಡ್ಲಿ, ಎಮ್ಮೆ ಮುಂದೇನ್ರಲಾ?

ಹಿತ್ಲಿಗೆ ಹೋಗಿ ಕೇಳೇಬುಟ್ಟೆ. "ಅತ್ತಿಗೆ, ಏನ್ ತಿನ್ಬೇಕು ಅನ್ನಿಸ್ತದೆ, ಹೇಳಿ. ಅಮ್ಮಂಗೆ ಹೇಳಲ್ಲ."

"ಎಂತ ಹೇಳುದು ಸಿದ್ದಾ. ನಮ್ಮಲ್ಲಿ ಈಗ ಬಿಸಿಲು ಏರ್ತಾ ಹೊಳೆ ನೀರು ಇಳೀತದೆ. ಮರುವಾಯಿ ತೆಗೀತಾರೆ."

"ಹಂಗಂದ್ರೆ?"

ಅವಳು ಎರಡು ಅಂಗೈ ಜೋಡಿಸಿ ಡಬ್ಬಿ ಥರ ತೆಗ್ದು ಮುಚ್ಚಿ ತೋರಿಸಿದ್ಲು. "ಓ, ಕಪ್ಪೆಚಿಪ್ಪು! ಮಾವಿನ್ಕಾಯಿ ಕೆರ್ಕಂಡು ತಿಂತೀವಲ್ಲ, ಅದು! ಅದನ್ನ ತಿಂತೀರಾ? ಹಲ್ಲು ಹೋಗಲ್ವಾ?"

"ಚಿಪ್ಪು ಅಲ್ಲ ಮಾರಾಯ, ಒಳಗಿನದ್ದು! ಕೆರೆಯದ್ದಾದ್ರೂ ಅಡ್ಡಿಲ್ಲ. ಆದ್ರೆ ತಾಜಾ ಬೇಕು."

ತಾಜಾ ತಾನೇ? ಮಾರ್ನೇ ದಿವ್ಸ ಬೆಳಗ್ಗೆ ಬಸ್ ಹತ್ತಿ ಪುರವರದ ಕೆರೆಗೆ ಹೋದೆ. ಶಿವರಾತ್ರಿ ಕಳೆದು ಬಿಸಿಲು ಚುರುಕಾಗಿತ್ತು, ಕೆರೇಲಿ ಮೊಣಕಾಲುದ್ದ ನೀರು. ಸುಣ್ಣದ ಗೂಡಿಗೆ ಹಾಕಾಕೆ ಚಿಪ್ಪು ಆಯೋ ಒಬ್ಬ ಅಕ್ಕ ಏರಿ ಮೇಲೆ ಗುಡ್ಡೆ ಹಾಕ್ಕಂಡು ಕೂತಿದ್ಲು. ದುಡ್ಡು ಯಾರ ಹತ್ರ ಇತ್ತು ಆಗ? ಟವಲ್ಲಲ್ಲಿ ಕಡ್ಲೇಕಾಯಿ ಕಟ್ಕಂಡು ಹೋಗಿದ್ದೆ, ಬದಲಿಗೆ ಕೊಡಾನ ಅಂತ. ಆ ಯಮ್ಮ ಒಂದೊಂದೇ ಕಾಯಿ ಕಿವಿ ಹತ್ರ ಹಿಡ್ದು ಅಲ್ಲಾಡಿಸಿ, "ಅರ್ಧಕ್ಕರ್ಧ ಜೊಳ್ಳು ಕಣ್ಲಾ ಇದು!" ಅಂತ ಎಸೆದ್ಲು. ನಂಗೆ ಉರೀತು. "ಓಹೋ, ನಿನ್ ಚಿಪ್ಪಲ್ಲಿ ಜೊಳ್ಳಿಲ್ವಾ?" ಅಂತ ಕುಕ್ಕರಗಾಲಲ್ಲಿ ಕೂತು, ಬಾಯಿ ಬಿಟ್ಕಂಡಿರೋವನ್ನೇ ಒಂದೊಂದಾಗಿ ಹೆಕ್ಕಿ, ಮನೆಯಿಂದ ತಂದಿದ್ದ ಕುಕ್ಕೇಗೆ ತುಂಬ್ಕಂಡೆ. ಒಳಗಿರೋ ಮಾಂಸ ಕಣ್ಣಿಗೆ ಕಾಣ್ತದಲ್ಲ! ಬಿಗಿಯಾಗಿ ಮುಚ್ಕಂಡಿರೋದ್ನ ನಂಬೋದು ಹೆಂಗೆ? ಕಡ್ಲೇಕಾಯಿ ಸೀಮೇಲಿ ಹುಟ್ಟಿದೋನು ಕಣ್ರಲಾ ನಾನು, ಸಿಪ್ಪೆ ನೋಡಿ ಯಾಮಾರೋ ಪೈಕಿ ಅಲ್ಲ. ಅಕ್ಕ ನಂಗೇನೋ ತಲೆ ಕೆಟ್ಟೈತೆ ಅನ್ನೋ ಹಂಗೆ ನೋಡಿ, "ಬಾತುಕೋಳಿಗೇನ್ಲಾ?" ಅಂದ್ಲು. ನಾನು ಸುಮ್ನೆ ನಿಜ ಹೇಳ್ಬೋದಿತ್ತು. ನನ್ ನಾಲಗೆ ಕೇಳ್ಬೇಕಲ್ಲ! "ಹೂಂ ಕಣಕ್ಕಾ, ಮಂಗಳೂರು ಬಾತುಕೋಳಿ, ಬರೀ ತಾಜಾ ತಿಂತದೆ" ಅಂದೆ. ಬಾತುಕೋಳಿಗೆ ಯಾವುದಾದ್ರೇನು ಅಂತ ಅವಳೂ ಬುಟ್ಲು.

ಬಸ್ ವಿಷ್ಯ ಏನ್ ಹೇಳ್ಲಿ. ನಡುದಾರೀಲಿ ಟೈರು ಪಂಚರ್ ಆಯ್ತು, ಬಂಡೆ ಪಕ್ಕದ ಬಿಸಿಲಲ್ಲಿ ನಿಂತ್ಬುಡ್ತು. ಸೀಟಿನ ಕೆಳಗಿದ್ದ ನನ್ ಕುಕ್ಕೆ ಮೆತ್ತಗೆ ತನ್ನ ಗುಣ ತೋರಿಸ್ತು. ಮೊದ್ಲು ಮುಂದಿನ ಸೀಟಿನೋರು ಹಿಂದಿನೋರ ಮುಖ ನೋಡಿದ್ರು, ಹಿಂದಿನೋರು ಮುಂದಿನೋರ ಮುಖ ನೋಡಿದ್ರು. ನಾನು ಎದ್ದು ನಿಂತು, "ಯಾರ್ರೀ ಅದು ಚಪ್ಪಲಿ ಬಿಚ್ಚಿರೋದು?" ಅಂತ ಜೋರು ಮಾಡಿದೆ. ಇಡೀ ಬಸ್ಸು ಗಡಿಬಿಡೀಲಿ ಚಪ್ಪಲಿ ಮೆಟ್ಕಂತು! ಅತ್ತರು ಮಾರೋ ಶಿರಾದ ಸಾಬ್ರೊಬ್ರಿದ್ರು, "ಅರೇ ಭಾಯ್, ಏನ್ ಬದ್ಬೂ ಇದು!" ಅಂತ ಪಾಪ, ಪುಣ್ಯಕ್ಕೆ ಎಲ್ಲಾರ ಕೈಗೂ ಅತ್ತರು ಹಚ್ಚಿದ್ರು. ಇನ್ನೂ ಕೆಟ್ಟೋಯ್ತು. ಮಲ್ಲಿಗೆ ತೋಟದಾಗೆ ಎಮ್ಮೆ ಸತ್ತಂಗೆ. ಕಂಡಕ್ಟರು ನಾಯಿ ಥರ ಮೂಸ್ಕಂಡು ಬಂದು ನನ್ ಕುಕ್ಕೆ ಹಿಡ್ದ, ನನ್ನೂ ಕುಕ್ಕೇನೂ ಬಸ್ಸಿನ ಟಾಪಿಗೆ ಹತ್ತಿಸಿದ.

ಮನೆಗೆ ಬಂದೋನೇ ಮಹಾರಾಜನಂಗೆ ಕುಕ್ಕೆ ಇಳಿಸಿ, "ತಗಳ್ಳಿ ಅತ್ತಿಗೆ, ತಾಜಾ!" ಅಂದೆ. ಅವಳು ಒಂದು ಚಿಪ್ಪು ತಗಂಡು ಉಗುರಲ್ಲಿ ಟಕ್ ಟಕ್ ಅಂತ ತಟ್ಟಿದ್ಲು. ನೋಡಿದ್ಲು. ಇನ್ನೊಂದು ತಟ್ಟಿದ್ಲು. ಅದೂ ಹಂಗೇ ಬಾಯಿ ತಕ್ಕಂಡಿತ್ತು. ಆಮೇಲೆ ನನ್ ಕಡೆ ತಿರುಗಿ, ನನ್ ತಲೆ ಮೇಲೆ ಟಕ್ ಟಕ್. "ಇದು ಸಹ ಮುಚ್ಚುದಿಲ್ಲ. ಇದು ಸಹ ಸತ್ತಿದೆ" ಅಂದ್ಲು. ಅಂದು, ನಗಾಕೆ ಶುರು ಮಾಡಿದ್ಲು ನೋಡಿ, ಬಾಯಿಗೆ ಸೆರಗಿಲ್ಲ ಏನಿಲ್ಲ, ಗ್ವಾಡೆ ಹಿಡ್ಕಂಡು ಕೂತ್ಬುಟ್ಲು! "ಜೀವ ಇದ್ದದ್ದು ತಟ್ಟಿದ್ರೆ ಬಾಯಿ ಮುಚ್ಚುತ್ತೆ ಮಾರಾಯ! ನೀನು ಹೆಣ ಎಲ್ಲ ಆರಿಸಿ ತಂದಿದ್ದಿ! ಕುಕ್ಕೆ ತುಂಬ ತಂದಿದ್ದಿ!" ಅಮ್ಮ ಒಳಗಿಂದ ಓಡಿ ಬಂದ್ಲು, ಸೊಸೆಗೆ ಏನಾಯ್ತೋ ಅಂತ. ನೋಡಿದ್ರೆ ಮೂಗಿ ನಗ್ತಾವ್ಳೆ. ಅಮ್ಮಂಗೆ ವಾಸನೇಗೆ ಮೂಗು ಮುಚ್ಕಳಾದೋ, ಸೊಸೆ ನೋಡ್ಕಂಡು ನಗಾದೋ ಗೊತ್ತಾಗ್ದೆ ಎರಡೂ ಮಾಡಿದ್ಲು. "ಇಷ್ಟಕ್ಕೇ ಏನವ್ವಾ ಉಪವಾಸ ಕೂತಿದ್ದೆ? ಲೇ ಸಿದ್ದ, ನಾಳೆ ಅವಳನ್ನೇ ಕರ್ಕಂಡು ಹೋಗ್ಲಾ. ನಿಧಾನ, ಬಸ್ರಿ ಹೆಂಗಸು. ಆದ್ರೆ ನನ್ ಒಲೆ ಮೇಲೆ ಮಾತ್ರ ಬ್ಯಾಡ, ಹಿತ್ಲಲ್ಲಿ ಮೂರು ಕಲ್ಲು ಹೂಡ್ಕಳ್ಳಿ" ಅಂದ್ಲು.

ಹೋದ್ವಿ. ಅತ್ತಿಗೆ ಸೀರೆ ಎತ್ತಿ ಕಟ್ಕಂಡು ಕೆರೆ ಅಂಚಿನ ಕೆಸರಿಗೆ ಇಳಿದ್ಲು, ತೌರಿನ ಅಂಗಳಕ್ಕೆ ಇಳಿದಂಗೆ. ಗುಡ್ಡೆ ಮುಂದೆ ಕೂತು ಟಕ್ ಟಕ್ ಅಂತ ತಟ್ಟಿ, ಬಾಯಿ ಮುಚ್ಕಂಡೋವನ್ನೇ ಆರಿಸಿದ್ಲು. ಆ ಅಕ್ಕ ಅವಳನ್ನ ಮೇಲಿಂದ ಕೆಳಗೆ ನೋಡಿ, "ಇವಳೇನ್ಲಾ ನಿನ್ ಬಾತುಕೋಳಿ?" ಅಂದ್ಬುಟ್ಲು! ನಾನು ಅತ್ತಿಗೆ ಮುಖ ನೋಡಾಕಾಗ್ದೆ ಕೆರೆ ನೋಡ್ತಾ ನಿಂತೆ. ವಾಪಸ್ ಬರೋವಾಗ ಬಸ್ಸಲ್ಲಿ ಅವಳ ಬಾಯಿ ನಿಲ್ಲಿಸೋರೇ ಇಲ್ಲ. ಹೊಳೆ ಅಂತೆ, ದೋಣಿ ಅಂತೆ, ಅವರಪ್ಪನ ಬಲೆ ಅಂತೆ. ಮನೇಗೆ ಬಂದು ಚಿಪ್ಪು ನೀರಲ್ಲಿ ಇಟ್ಟು ಮಣ್ಣು ಉಗುಳಿಸಿ, ತೆಂಗಿನ್ಕಾಯಿ, ಮೆಣಸಿನ್ಕಾಯಿ ರುಬ್ಬಿ ಸಾರು ಮಾಡಿ, ಅದೇ ಮಲಗೋ ಮುದ್ದೆ ಎರಡು ಉಂಡ್ಲು. ಉಂಡು, ಕೈ ತೊಳ್ಕಂಡು, ಟ್ರಂಕು ತೆಗ್ದು ಕನ್ನಡೀನ ಮತ್ತೆ ಮೊಳೆಗೆ ನೇತು ಹಾಕಿದ್ಲು. ಅಷ್ಟೊತ್ತಿಗೆ ನಮ್ಮಮ್ಮ ಮೆಲ್ಲಗೆ ಹಿತ್ಲಿಗೆ ಬಂದು, ಒಂದು ಚಿಪ್ಪಿಂದು ಬಾಯಿಗೆ ಹಾಕ್ಕಂಡು, "ಅಯ್ಯೋ, ನಾಟಿಕೋಳಿ ಇದರ ಮುಂದೆ ಏನೂ ಅಲ್ಲ" ಅಂತ ಮಡಕೆ ಬಳಿದು ಉಂಡ್ಲು.

ಏನ್ ಪುಟ್ಟಿ, ಹಂಗ್ಯಾಕೆ ನೋಡ್ತೀಯ? ನಿಜ್ವಾ ಅಂತಾನಾ? ಇಲ್ಲ ಕಣವ್ವ. ಆ ಕಡೇ ಮಾತು ನಾನು ಕಟ್ಟಿದ್ದು. ಅಮ್ಮ ಕಡೇವರ್ಗೂ ಅದನ್ನ ಮುಟ್ಲಿಲ್ಲ. ಆದ್ರೆ ವರ್ಷಾ ವರ್ಷಾ ಬಿಸಿಲು ಏರಿದ ಕೂಡ್ಲೆ ಅವಳೇ ಮೂಗಿಗೆ ಸೆರಗು ಒತ್ಕಂಡು, "ಲೇ ಸಿದ್ದ, ಕೆರೆ ಇಳಿದೈತಂತೆ, ಹೋಗ್ಲಾ. ತಟ್ಟಿ ನೋಡಿ ತಗಂಬಾ" ಅನ್ನೋಳು. ಹೊಸದಾಗಿ ಮನೇಗೆ ಬಂದೋರು ಬಾಯಿ ಮುಚ್ಕಂಡು ಕೂತ್ರೆ ಜೊಳ್ಳು ಅನ್ನಬ್ಯಾಡ್ರಿ, ಅಷ್ಟೇ. ಏಳ್ರೀಗ, ಮುದ್ದೆ ಆರ್ತಾ ಐತೆ.