ಸಭೆ ನಡೆಯುತ್ತಿದೆ, ಒಳಗೆ ಬರಬೇಡಿ

ಅಧ್ಯಕ್ಷರ ಕುರ್ಚಿಯಲ್ಲಿ ಕೂತಿರುವ ಕಟ್ಟಡದ ಮಾಲೀಕರೇ, ಅವರ ಪಕ್ಕದಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ಮ್ಯಾನೇಜರ್ ಸಾಹೇಬರೇ, ಮಾತು ಮುಗಿಸಿ ನೀರು ಕುಡಿಯುತ್ತಿರುವ ತಜ್ಞ ಅತಿಥಿಗಳೇ, ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿರುವ ಹೊಸ ಮನೆಗಳ ಒಡೆಯರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ನಮ್ಮ ಸಂಘದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸಭಿಕರೇ,

ಎರಡು ಮಾತು ಆಡಿ ಎಂದು ನನಗೆ ಹೇಳಿದ್ದಾರೆ. ಎರಡೇ ಆಡುತ್ತೇನೆ. ಒಂದು, ಮಾಲೀಕರು ನಮಗೆ ಏನು ಕೊಡುತ್ತೇವೆ ಎಂದಿದ್ದರು. ಎರಡು, ಏನು ಕೊಟ್ಟರು.

ಆರನೇ ಮಹಡಿಯ ಹಿಂಬದಿಯಲ್ಲಿ ಕೆಲಸಗಾರರಿಗೆ ಹತ್ತು ಚಿಕ್ಕ ಮನೆ ಎಂದಿದ್ದರು. ಅಲ್ಲಿ ಈಗ ಹೊಸ ಒಡೆಯರ ನಾಯಿಗಳ ಬಚ್ಚಲುಮನೆ ಇದೆ. ನೀವೂ ಮುಂಬಾಗಿಲಿನ ಲಿಫ್ಟಿನಲ್ಲೇ ಓಡಾಡಿ ಎಂದಿದ್ದರು. ಸಾಮಾನಿನ ಲಿಫ್ಟು ತೋರಿಸಿದರು. ಸಂಘಕ್ಕೆ ಒಂದು ಕೋಣೆ ಎಂದಿದ್ದರು. ಮೆಟ್ಟಿಲಿನ ಕೆಳಗೆ ಒಂದು ಕಪಾಟು ಕೊಟ್ಟರು, ಅದರ ಬೀಗದ ಕೈ ಮಾತ್ರ ಮ್ಯಾನೇಜರ್ ಸಾಹೇಬರ ಹತ್ತಿರವೇ ಇದೆ. ಪ್ರವೇಶದ ಗೋಡೆಯ ಮೇಲೆ ನಮ್ಮೆಲ್ಲರ ಹೆಸರು ಕೆತ್ತಿಸುತ್ತೇವೆ ಎಂದಿದ್ದರು. ಆ ಗೋಡೆಯನ್ನೇ ಒಡೆಸಿದರು.

ಇಷ್ಟೇ. ಎರಡು ಮಾತು ಮುಗಿಯಿತು. ಆದರೆ ಮೈಕು ಇನ್ನೂ ನನ್ನ ಕೈಯಲ್ಲೇ ಇದೆ.

ಮುಂದಿನ ಸಾಲಿನವರಿಗೆ ನನ್ನ ಪರಿಚಯ ಇರಲಾರದು. ಈ ಕಟ್ಟಡದಲ್ಲಿ ಗುಡಿಸುವವರು, ಕಾವಲು ಕಾಯುವವರು, ಲಿಫ್ಟು ನೋಡಿಕೊಳ್ಳುವವರು, ಟೀ ಹಂಚುವವರು ಎಲ್ಲ ಸೇರಿ ಕಟ್ಟಿದ ಸಂಘಕ್ಕೆ ನಾನು ಕಾರ್ಯದರ್ಶಿ. ಕೆಲಸ, ನೆಲ ಒರೆಸುವುದು. ನನ್ನನ್ನು ಎಲ್ಲರೂ ಮೈಕಕ್ಕ ಎನ್ನುತ್ತಾರೆ. ಕೊಟ್ಟ ಮೈಕನ್ನು ವಾಪಸು ಕೊಡುವುದಿಲ್ಲ ಎಂಬ ಅಪವಾದ ಇದೆ. ಅಪವಾದ ಅಲ್ಲ, ನಿಜ.

ಇವತ್ತು ಹೊಸ ಮನೆಗಳ ಉದ್ಘಾಟನೆಯಲ್ಲಿ ನನ್ನನ್ನು ಇಲ್ಲಿಗೆ ಕರೆದದ್ದು ಸನ್ಮಾನಕ್ಕೆ. ಈ ಕಟ್ಟಡದ್ದೇ ಒಂದು ಗಾಜಿನ ಪುಟ್ಟ ಮಾದರಿ ಕೊಟ್ಟಿದ್ದಾರೆ. ನೋಡಿ, ಅಂಗೈಯಷ್ಟಿದೆ. ಮನೆ ಕೇಳಿದವರಿಗೆ ಮನೆ ಕೊಟ್ಟೇ ಬಿಟ್ಟರು! ಗಾಜು ಒರೆಸಿ ಒರೆಸಿ ಸವೆದ ಕೈಗೆ ಒರೆಸಲು ಇನ್ನೊಂದು ಗಾಜು. ಇರಲಿ, ಇದನ್ನೂ ಒರೆಸುತ್ತೇನೆ.

ತಜ್ಞರು ಆಗ ಬಹಳ ಚೆನ್ನಾಗಿ ಹೇಳಿದರು. ಜನ ಮನೆಯಲ್ಲೇ ಕೂತು ಕೆಲಸ ಮಾಡುವ ಕಾಲ ಬಂತು, ಆಫೀಸುಗಳು ಖಾಲಿಯಾದವು, ಖಾಲಿ ಆಫೀಸುಗಳನ್ನು ಕೆಡವದೆ ಮನೆಗಳಾಗಿ ಬದಲಾಯಿಸುವುದೇ ಈಗ ಜಗತ್ತಿನ ಹೊಸ ಗಾಳಿ ಎಂದರು. ನನಗೆ ಅರ್ಥವಾದದ್ದು ಇಷ್ಟು: ಮನೆ ಆಫೀಸಾಯಿತು, ಆದ್ದರಿಂದ ಆಫೀಸು ಮನೆಯಾಯಿತು. ಸರಿ. ಆದರೆ ಸ್ವಾಮಿ, ಖಾಲಿಯಾಯಿತು ಎಂದಿರಲ್ಲ, ಯಾರ ಕಣ್ಣಿಗೆ ಖಾಲಿ? ಟೈ ಕಟ್ಟಿದವರು ಬರುವುದು ನಿಂತಿತು, ನಿಜ. ಕಾವಲಿನವನು ಬರುತ್ತಿದ್ದ. ನಾನು ಬರುತ್ತಿದ್ದೆ. ಯಾರೂ ತುಳಿಯದ ನೆಲವನ್ನು ದಿನಾ ಒರೆಸುತ್ತಿದ್ದೆ. ಟೀ ಚಿಕ್ಕಮ್ಮ ಬರುತ್ತಿದ್ದಳು, ಕೆಟಲು ತುಂಬ ಟೀ ಮಾಡಿ ನಾವು ನಾವೇ ಕುಡಿಯುತ್ತಿದ್ದೆವು. ಮೇಜಿನ ಮೇಲಿದ್ದ ಹೂಗಿಡಗಳಿಗೆ ನೀರು ಹಾಕಿದವರು ಯಾರು? ಖಾಲಿ ಕಟ್ಟಡಕ್ಕೆ ನೀರು ಹಾಕಲು ದೆವ್ವ ಬರುತ್ತಿತ್ತೇ?

ಆಮೇಲೆ ಒಂದು ದಿನ ಸುದ್ದಿ ಹಬ್ಬಿತು. ಕಟ್ಟಡವನ್ನೆಲ್ಲ ಮನೆ ಮಾಡುತ್ತಾರಂತೆ, ನಮ್ಮನ್ನೆಲ್ಲ ಮನೆಗೆ ಕಳಿಸುತ್ತಾರಂತೆ ಎಂದು. ಮನೆಗೆ ಕಳಿಸುವುದು ಎಂದರೆ ಏನು? ಕೆಲಸದಿಂದ ಕಿತ್ತುಹಾಕುವುದು. ಇದು ಮುಂದಿನ ಸಾಲಿಗೂ ಗೊತ್ತು, ಹಿಂದಿನ ಗೋಡೆಗೂ ಗೊತ್ತು. ನಾವು ಗೇಟಿನ ಮುಂದೆ ಕೂತೆವು. ಘೋಷಣೆ ನಾನೇ ಕಟ್ಟಿದೆ. "ಮನೆಗೆ ಕಳಿಸಬೇಡಿ, ನಮ್ಮನ್ನು ಮನೆಗೆ ಕಳಿಸಬೇಡಿ!" ಒಳ್ಳೆಯ ಲಯ ಇತ್ತು. ತಮಟೆಗೂ ಹೊಂದುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಗಿದೆವು. ಎದುರಿನ ಅಂಗಡಿಯವನ ಪುಟ್ಟ ಮಗು ಅಮ್ಮಾ ಎನ್ನುವ ಮೊದಲೇ ಅದನ್ನು ಕಲಿಯಿತು.

ಕೊನೆಗೆ ಮಾಲೀಕರು ಕೆಳಗಿಳಿದು ಬಂದರು. ಅವರೇ, ಖುದ್ದಾಗಿ. ನಮ್ಮ ನಡುವೆ ನೆಲದ ಮೇಲೆ ಕೂತರು. ಕೂರುವ ಜಾಗವನ್ನು ಮೊದಲು ಕರವಸ್ತ್ರದಿಂದ ಒರೆಸಿಕೊಂಡರು. ನಾನು ಒರೆಸಿದ್ದ ಜಾಗ ಅದು. "ನೀವೆಲ್ಲ ನನ್ನ ಕುಟುಂಬ ಕಣ್ರಮ್ಮ" ಎಂದರು. "ಯಾರನ್ನೂ ಮನೆಗೆ ಕಳಿಸೋಲ್ಲ. ಅಷ್ಟೇ ಅಲ್ಲ, ಆರನೇ ಮಹಡೀಲಿ ನಿಮಗೇ ಅಂತ ಹತ್ತು ಮನೆ ಬಿಟ್ಟಿದೀನಿ, ಕಡಿಮೆ ಬಾಡಿಗೆಗೆ." ಟೀ ಚಿಕ್ಕಮ್ಮ ಅಲ್ಲೇ ಅತ್ತುಬಿಟ್ಟಳು. ಕುಟುಂಬ ಎಂದರು ನೋಡಿ, ಅದೂ ಸುಳ್ಳಲ್ಲ. ಕುಟುಂಬದಲ್ಲಿ ಆಗುವುದೇ ಆಯಿತು. ಪಾಲು ಕೇಳುವವರೆಗೆ ಮುದ್ದು, ಕೇಳಿದ ಮೇಲೆ ಮಾತಿಲ್ಲ.

ನ್ಯಾಯವಾಗಿ ಹೇಳಬೇಕು, ಕೆಲಸ ಉಳಿಸಿದರು. ಅದಕ್ಕೆ ಚಪ್ಪಾಳೆ ತಟ್ಟಿ. ತಟ್ಟಿ, ತಟ್ಟಿ, ಪರವಾಗಿಲ್ಲ. ಸಾಕು.

ಗೋಡೆ ಎದ್ದವು, ಗೋಡೆ ಬಿದ್ದವು, ನಲ್ಲಿ ಬಂದವು. ಆರನೇ ಮಹಡಿಯ ಹಿಂಬದಿಗೆ ಹೋಗಿ ನೋಡಿದರೆ ಸಾಲಾಗಿ ತೊಟ್ಟಿಗಳು! ಗಿಡ್ಡ ಗಿಡ್ಡ ತೊಟ್ಟಿಗಳು, ಪಕ್ಕದಲ್ಲಿ ಬಿಸಿಗಾಳಿ ಊದುವ ಯಂತ್ರ. ನಮ್ಮ ಕಾವಲಿನವನಿಗೆ ಬಹಳ ಸಂತೋಷವಾಯಿತು. "ಅಕ್ಕಾ, ಮಕ್ಕಳಿಗೆ ಅಂತ ಬೇರೆ ತೊಟ್ಟಿ ಮಾಡ್ಸಿದಾರೆ ನೋಡು!" ಎಂದ. ಗೋಡೆಯ ಮೇಲೆ ನಾಯಿಯ ಚಿತ್ರ ಕಾಣುವವರೆಗೆ ಆ ಸಂತೋಷ ಇತ್ತು.

ಮ್ಯಾನೇಜರ್ ಸಾಹೇಬರ ಹತ್ತಿರ ಹೋದೆವು. ಅವರು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಏನ್ರಮ್ಮ, ನೀವೇ ತಾನೆ ಗೇಟಲ್ಲಿ ಕೂತು ಬಡ್ಕೊಂಡಿದ್ದು, ನಮ್ಮನ್ನ ಮನೆಗೆ ಕಳಿಸಬೇಡಿ, ಕಳಿಸಬೇಡಿ ಅಂತ? ಕಳಿಸಲಿಲ್ಲ. ನಿಮ್ಮ ಬೇಡಿಕೆ ಈಡೇರಿದೆ. ಮತ್ತೇನು?"

ಸಭಿಕರೇ, ನಾನು ಎಷ್ಟೋ ಸಭೆ ನೋಡಿದವಳು, ಲಾಠಿಯ ಮುಂದೆ ನಿಂತವಳು. ಅಂಥ ಏಟು ತಿಂದದ್ದು ಅದೇ ಮೊದಲ ಸಲ. ನಾನೇ ಕಟ್ಟಿದ ಘೋಷಣೆ ತಿರುಗಿ ಬಂದು ನನ್ನ ಕೆನ್ನೆಗೇ ಬಾರಿಸಿತ್ತು. ಟೀ ಚಿಕ್ಕಮ್ಮ ಮಾತ್ರ ಬಿಡಲಿಲ್ಲ. "ಮನೆ ಅಂದಿದ್ರಿ, ಮನೆ ಎಲ್ಲಿ ಸ್ವಾಮಿ?" ಎಂದಳು. "ಬಚ್ಚಲುಮನೇಲೂ ಮನೆ ಇದೆಯಲ್ಲಮ್ಮ" ಎಂದು ಸಾಹೇಬರು ನಕ್ಕರು. ಚಿಕ್ಕಮ್ಮನೂ ನಕ್ಕಳು. "ಹಂಗಾದ್ರೆ ಸೆರೆಮನೇಲೂ ಇದೆ ಸ್ವಾಮಿ, ತಾವು ಯಾವಾಗ ಹೋಗ್ತೀರಿ?" ಎಂದಳು. ಅವಳ ಟೀಗೆ ಅವತ್ತಿನಿಂದ ಸಕ್ಕರೆ ಮಂಜೂರಾಗಿಲ್ಲ.

ಒಂದು ಚೀಟಿ ಬಂದಿದೆ. "ದಯವಿಟ್ಟು ಮುಗಿಸಿ." ದಯವಿಟ್ಟು ಎಂದು ಬರೆದಿದ್ದಾರೆ, ಸಂತೋಷ. ಮುಗಿಸುತ್ತೇನೆ.

ಸಾಹೇಬರು ಇನ್ನೂ ಒಂದು ಕಾರಣ ಕೊಟ್ಟರು. "ಆ ಹಿಂಬದೀಲಿ ಕಿಟಕಿ ಇರಲಿಲ್ಲಮ್ಮ. ಕಿಟಕಿ ಇಲ್ಲದ ಕಡೆ ಮನುಷ್ಯರನ್ನ ಇಡೋಕೆ ನಮಗೆ ಮನಸ್ಸು ಬರಲಿಲ್ಲ" ಎಂದರು. ಎಂಥ ಕರುಣೆ! ಹಾಗೆಂದು ನಾಯಿಗಳಿಗೆ ಉಸಿರು ಕಟ್ಟಬಾರದಲ್ಲ, ಗೋಡೆ ಕೊರೆಸಿ ಕಿಟಕಿ ಇಡಿಸಿದ್ದಾರೆ. ನಾಯಿಗಳ ಮೇಲೆ ನನಗೆ ಕೋಪವಿಲ್ಲ, ಅವು ಯಾವ ಮಾತೂ ಕೊಟ್ಟಿರಲಿಲ್ಲ. ಆದರೆ ಕಿಟಕಿ ಇಲ್ಲ ಎಂದು ಕನಿಕರ ಪಟ್ಟರಲ್ಲ, ನಮ್ಮ ಮನೆಗಳಿಗೆ ಏನೇನಿಲ್ಲ ಎಂದು ಒಮ್ಮೆಯಾದರೂ ಕೇಳಿದರೇ? ನನ್ನ ಮನೆಯದ್ದು ಹೇಳುತ್ತೇನೆ. ಒಂದೇ ಕೋಣೆ. ಅತ್ತೆ, ಇಬ್ಬರು ನಾದಿನಿಯರು, ನಾನು, ನನ್ನ ಗಂಡ, ಆಮೇಲೆ ಮಕ್ಕಳು. ಬೀದಿಗೆ ಒಂದು ಬಾಗಿಲಿದೆ. ಒಳಗೆ ಇನ್ನೊಂದು ಬಾಗಿಲು, ಇಬ್ಬರು ಒಳಗೆ ಹೋಗಿ ಮುಚ್ಚಿಕೊಳ್ಳುವಂಥದ್ದು, ಅದಿಲ್ಲ. ಸೀರೆಯನ್ನು ಪರದೆ ಮಾಡಿ ಕಟ್ಟಿದ್ದೆವು. ಸೀರೆಗೆ ಚಿಲಕ ಹಾಕಲಾಗುತ್ತದೆಯೇ?

ಮೈಕಕ್ಕ ಎನ್ನಿಸಿಕೊಂಡವಳು ನಾನು, ಸಂಸಾರ ಮಾಡಿದ್ದು ಪೂರ್ತಿ ಪಿಸುಮಾತಿನಲ್ಲಿ. ತಲೆನೋವು ಎಂದು ಪಿಸುಗುಟ್ಟಿದರೂ ಪರದೆಯಾಚೆಯಿಂದ ಅತ್ತೆ, "ಬೆಳಿಗ್ಗೆನೇ ಅಂದೆ ತಲೆ ಒಣಗಿಸ್ಕೋ ಅಂತ" ಎನ್ನುತ್ತಿದ್ದರು. ಅತ್ತೆ ಇಲ್ಲೇ ಇದ್ದಾರೆ, ಮೂರನೇ ಸಾಲಿನಲ್ಲಿ. ಇಲ್ಲ ಎನ್ನಲಿ ನೋಡೋಣ.

ನನ್ನ ಯಜಮಾನರು ಈ ಕಟ್ಟಡದ ಲಿಫ್ಟು, ವಿದ್ಯುತ್ತು ಎಲ್ಲ ನೋಡಿಕೊಳ್ಳುವವರು. ಮದುವೆಯಾದ ಹೊಸತು. ಭಾನುವಾರ ಆಫೀಸುಗಳಿಗೆ ರಜೆ, ನಮ್ಮಿಬ್ಬರಿಗೆ ಇಲ್ಲ. ಆರನೇ ಮಹಡಿಯ ಹಿಂಬದಿಯಲ್ಲಿ ಆಗ ಒಂದು ಚಿಕ್ಕ ಸಭಾಕೊಠಡಿ ಇತ್ತು. ಗಟ್ಟಿ ಬಾಗಿಲು, ಒಳಗೆ ಚಿಲಕ. ಹೊರಗೆ ನೇತುಹಾಕಲು ಒಂದು ಬೋರ್ಡು: "ಸಭೆ ನಡೆಯುತ್ತಿದೆ, ಒಳಗೆ ಬರಬೇಡಿ." ನಾವು ಆ ಬೋರ್ಡು ಹಾಕಿ ಸಭೆ ನಡೆಸುತ್ತಿದ್ದೆವು.

ಯಾಕೆ ನಗುತ್ತೀರಿ? ಸಂಘದ ಸಭೆ. ನಾನು ಕಾರ್ಯದರ್ಶಿ, ಅವರು ಖಜಾಂಚಿ.

ನಗಬೇಡಿ. ಸಂಘ ಆಮೇಲೆ ಹುಟ್ಟಿತು, ಒಪ್ಪಿದೆ. ಪೂರ್ವಭಾವಿ ಸಭೆ ಎಂದುಕೊಳ್ಳಿ. ಆ ವರ್ಷವೇ ನಮ್ಮ ದೊಡ್ಡ ಮಗಳು ಹುಟ್ಟಿದಳು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಛೆ, ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು. ನಾನು ಹೇಳಬೇಕೆಂದದ್ದು ಬೇರೆ. ಆ ಕೋಣೆಯಲ್ಲಿ ನಾವು ಮೊದಲು ಏನು ಮಾಡಿದೆವು ಗೊತ್ತೇ? ಜಗಳ. ಮದುವೆಯಾದ ಮೇಲೆ ಮೊದಲ ಸಲ ಬಾಯಿತುಂಬ, ಗಂಟಲು ಬಿರಿಯುವಂತೆ ಜಗಳ ಆಡಿದೆವು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಯಾರೂ ಕೆಮ್ಮಲಿಲ್ಲ. ಮುಗಿದ ಮೇಲೆ ಇವರು ನನ್ನನ್ನೇ ನೋಡುತ್ತಾ, "ನಿನ್ನ ದನಿ ಇಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೇ" ಎಂದರು. ನನ್ನ ದನಿ ನನಗೂ ಗೊತ್ತಿರಲಿಲ್ಲ. ಗೇಟಿನ ಮುಂದೆ ನೀವೆಲ್ಲ ಕೇಳಿದಿರಲ್ಲ, ಆ ದನಿ ಹುಟ್ಟಿದ್ದು ಆ ಚಿಲಕದ ಹಿಂದೆ.

ಆಫೀಸನ್ನು ಮನೆ ಮಾಡುವುದು ಹೊಸ ಗಾಳಿ ಎಂದಿರಲ್ಲ ತಜ್ಞರೇ! ಟೀ ಚಿಕ್ಕಮ್ಮ ತನ್ನ ಕೂಸನ್ನು ಮಲಗಿಸಿದ್ದು ಕಡತಗಳ ಕಪಾಟಿನ ಕೆಳಗಿನ ಅರೆಯಲ್ಲಿ. ಕಾವಲಿನವನು ತಂಗಿಯ ಮದುವೆ ಮಾತುಕತೆ ಮುಗಿಸಿದ್ದು ನಿಮ್ಮ ಉದ್ದ ಮೇಜಿನ ಸುತ್ತ. ಈ ಕಟ್ಟಡವನ್ನು ಮನೆ ಮಾಡಿದವರು ನಾವು. ನೀವು ನಲ್ಲಿ ಹಾಕಿಸಿದಿರಿ, ಅಷ್ಟೇ.

ಮ್ಯಾನೇಜರ್ ಸಾಹೇಬರು ಎದ್ದಿದ್ದಾರೆ. ಮೈಕಿನ ಸ್ವಿಚ್ಚು ಹುಡುಕುತ್ತಿದ್ದಾರೆ. ಸಾಹೇಬರೇ, ಎಡಗಡೆ, ಕಂಬದ ಪಕ್ಕ. ಅಲ್ಲಿ ಕೈಕಟ್ಟಿ ನಿಂತಿದ್ದಾರಲ್ಲ, ಅವರೇ ನನ್ನ ಯಜಮಾನರು. ಕೇಳಿ ನೋಡಿ, ಸರಿದಾರು.

ಸಂಘದಲ್ಲಿ ಹೊಸ ಘೋಷಣೆಯ ಚರ್ಚೆ ನಡೆಯಿತು. "ನಮ್ಮನ್ನು ಮನೆಗೆ ಕಳಿಸಿ" ಎಂದು ಕೂಗಿದರೆ ಏನಾಗುತ್ತದೆ? ಸಾಹೇಬರು ಅದೇ ಸಂಜೆ ಖುಷಿಯಿಂದ ಕಳಿಸಿಬಿಡುತ್ತಾರೆ. ಕಳಿಸಬೇಡಿ ಎಂದರೆ ಮನೆ ಇಲ್ಲ, ಕಳಿಸಿ ಎಂದರೆ ಕೆಲಸ ಇಲ್ಲ. ಒಂದು ಮಾತಿಗೆ ಎರಡು ಬಾಯಿ, ಎರಡೂ ಅವರ ಕಡೆಯವು. ಕೊನೆಗೆ ಚಿಕ್ಕಮ್ಮನೇ ಹೇಳಿದಳು, "ಕೂಗಿ ಕೆಟ್ವಿ ಕಣ್ರೇ. ಇನ್ನು ಕೂಗೋದು ಬೇಡ, ಹೋಗೋಣ." ಎಲ್ಲರೂ ಕೈ ಎತ್ತಿದರು. ಠರಾವು ಪಾಸಾಯಿತು.

ಆದ್ದರಿಂದ ಇಲ್ಲಿಂದ ನಾನು ಘೋಷಣೆ ಹಾಕುವುದಿಲ್ಲ, ಪ್ರಕಟಣೆ ಕೊಡುತ್ತೇನೆ. ಸಂಘದ ಮುಂದಿನ ಸಭೆ ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಆರನೇ ಮಹಡಿಯ ಹಿಂಬದಿಯಲ್ಲಿ. ಮುಂಬಾಗಿಲಿನ ಲಿಫ್ಟಿನಲ್ಲೇ ಬನ್ನಿ, ಅದು ಅವತ್ತು ನಿಲ್ಲದಂತೆ ನೋಡಿಕೊಳ್ಳುವವರು ಇದ್ದಾರೆ. ಸದಸ್ಯರು ಹಾಸಿಗೆ, ಹೊದಿಕೆ, ಒಲೆ, ಪಾತ್ರೆ ತರಬೇಕು. ಹತ್ತು ಕುಟುಂಬ, ಹತ್ತು ಗಂಟು. ಸಭೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಸಾಹೇಬರು ಕೇಳಬಾರದು. ಮೊಮ್ಮಕ್ಕಳ ಕಾಲದವರೆಗೂ ನಡೆಯಬಹುದು. ಸ್ನಾನಕ್ಕೆ ಬಂದ ನಾಯಿಗಳಿಗೆ ತೊಂದರೆ ಕೊಡುವುದಿಲ್ಲ, ತೊಟ್ಟಿ ಹಂಚಿಕೊಳ್ಳುತ್ತೇವೆ. ನಮಗೆ ಹಂಚಿಕೊಂಡು ಅಭ್ಯಾಸವಿದೆ.

ಆ ಮಹಡಿ ಒಡೆಯುವಾಗ ನನ್ನ ಯಜಮಾನರು ಆ ಸಭಾಕೊಠಡಿಯ ಬೋರ್ಡನ್ನು ಬಿಚ್ಚಿ ಮನೆಗೆ ತಂದಿಟ್ಟಿದ್ದರು. ಪರದೆಯ ಸೀರೆಗೆ ನೇತುಹಾಕಿ ನೋಡಿದೆವು, ಸೀರೆ ಜಗ್ಗಿ ಬಿತ್ತು. ಅದಕ್ಕೊಂದು ಬಾಗಿಲು ಬೇಕು. ಭಾನುವಾರ ಅದನ್ನು ನಾನೇ ಹಿಡಿದು ತರುತ್ತೇನೆ.

ಸನ್ಮಾನ ಮಾಡಿದ್ದಕ್ಕೆ ಮಾಲೀಕರಿಗೆ, ತಾಳಿಕೊಂಡದ್ದಕ್ಕೆ ಮುಂದಿನ ಸಾಲಿಗೆ, ನಿಂತು ಕೇಳಿದ್ದಕ್ಕೆ ಹಿಂದಿನ ಗೋಡೆಗೆ, ಅಲ್ಲಾಡದೆ ಇದ್ದದ್ದಕ್ಕೆ ಕಂಬದ ಪಕ್ಕದವರಿಗೆ ಋಣಿಯಾಗಿದ್ದೇನೆ. ಭಾನುವಾರ ಎಲ್ಲರೂ ಬನ್ನಿ. ಅತ್ತೇ, ನೀವೂ ಬನ್ನಿ. ಆದರೆ ಬಾಗಿಲು ತಟ್ಟಿ ಬನ್ನಿ.

ನಮಸ್ಕಾರ.